ಅಡ್ಡ ಮಲಗಿಸಿದ ಡೋಲು

ದಾರ್ಸೈಟ್, ಮಸ್ಕತ್
೧೨ ನವೆಂಬರ್ ೧೯೯೩

ಪ್ರೀತಿಯ ಮಾರ್ಸೆಲಿನಕ್ಕ,

ನಾನು, ಜೇನ್, ಮಗಳು ಇಸಾಬೆಲ್ಲಾ ಮೂವರೂ ಕ್ಷೇಮ. ನೀನು, ಭಾವ ಹೇಗಿದ್ದೀರಿ? ಕಾಗದ ತಡವಾಯಿತೆಂದು ಬಯ್ಯಬೇಡ. ಬರೆಯಲು ಕೂತಾಗಲೆಲ್ಲ ಎಲ್ಲಿಂದ ಶುರುಮಾಡಲಿ ಎಂದೇ ತಿಳಿಯುತ್ತಿರಲಿಲ್ಲ. ಈಗಲೂ ತಿಳಿದಿಲ್ಲ.

ನಿನ್ನ ತಮ್ಮ ಈಗ ಕ್ಯೂಬಾದವನು! ನಗಬೇಡ. ನಾನು ಏಸಿ ರಿಪೇರಿ ಮಾಡುವ ಖುರುಮ್‌ನ ಹೋಟೆಲಿನಲ್ಲಿ ಗುರುವಾರ ಸಂಜೆ ಮಂಗಳೂರಿನ ಫ್ರೆಡ್ಡಿಯ ಬ್ಯಾಂಡ್ ಇರುತ್ತದೆ. ನುಡಿಸುವುದು ಕ್ಯೂಬಾ ಕಡೆಯ ಹಾಡುಗಳನ್ನು. ಅವರ ಡೋಲಿನವನು ಕೆಲಸ ಬಿಟ್ಟು ಊರಿಗೆ ಹೋದ. ನಾನು ಖಾಲಿ ಡಬ್ಬದ ಮೇಲೆ ತಾಳ ಹಾಕುವುದನ್ನು ಕೇಳಿದ್ದ ಫ್ರೆಡ್ಡಿ ನನ್ನನ್ನೇ ಹಿಡಿದ. "ನಿನ್ನ ಬಣ್ಣ, ಕೂದಲು ಎಲ್ಲ ಸರಿ ಉಂಟು ಮಾರಾಯ. ಗೆಸ್ಟ್‌ಗಳ ಎದುರು ಬಾಯಿ ಮಾತ್ರ ಬಿಡಬೇಡ" ಎಂದ. ಬಾಗಿಲ ಬೋರ್ಡಿನಲ್ಲಿ 'ಕ್ಯೂಬಾದ ಎಡುವಾರ್ದೊ' ಎಂದು ಬರೆಸಿಯೂ ಬಿಟ್ಟ. ಹಳಿಯಾಳದ ಬಸ್ಸಿನಲ್ಲಿ ನಮ್ಮ ಪಕ್ಕ ಕೂರಲು ಜನ ಹಿಂದೆಮುಂದೆ ನೋಡುತ್ತಿದ್ದರಲ್ಲ, ಅದೇ ಬಣ್ಣಕ್ಕೆ ಇಲ್ಲಿ ಚಪ್ಪಾಳೆ!

ಮೊದಲ ದಿನ ಒಳ್ಳೆ ಫಜೀತಿಯಾಯಿತು. ಕಾಂಗಾ ಎಂಬ ಆ ಡೋಲನ್ನು ನಿಲ್ಲಿಸಿ ಬಾರಿಸಬೇಕಂತೆ. ನಾನು ಎರಡು ಕಡೆ ಚರ್ಮವಿರುವ ನಮ್ಮ ಡಮಾಮಿನ ಹಾಗೆ ಅಡ್ಡ ಮಲಗಿಸಿಕೊಂಡು ಕೂತೆ. ಬಲಗೈ ಚರ್ಮಕ್ಕೆ ಬಿತ್ತು, ಎಡಗೈ ಒಳಗೇ ಹೋಯಿತು. ಇನ್ನೊಂದು ಕಡೆ ಚರ್ಮವೇ ಇಲ್ಲ! ಫ್ರೆಡ್ಡಿ ಹಲ್ಲು ಕಡಿದ. ಮೂಲೆಯ ಮೇಜಿನಿಂದ ಮಾತ್ರ ಒಬ್ಬ ಎದ್ದು ನಿಂತ. ಹೆಸರು ಅಬ್ದುಲ್ಲಾ, ಜಾಂಜಿಬಾರಿನಲ್ಲಿ ಹುಟ್ಟಿದ ಒಮಾನಿ, ನಮ್ಮಷ್ಟೇ ಕಪ್ಪು. ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದು ಹಿಂದಿಯಲ್ಲಿ, "ಕ್ಯೂಬಾದವರು ಹೀಗೆ ಕೂರುವುದಿಲ್ಲ. ನನ್ನ ಅಜ್ಜ ಕೂರುತ್ತಿದ್ದ. ನೀನು ಯಾರು?" ಎಂದ.

ನಾನು ಸಿದ್ದಿ ಎಂದೆ. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದರಂತೆ, ಅವರು ತಪ್ಪಿಸಿಕೊಂಡು ಹಳಿಯಾಳದ ಕಾಡು ಸೇರಿದರಂತೆ ಎಂದೆ. ಅವನು, "ಕ್ಯೂಬಾಕ್ಕೆ ಹೋದ ಕರಿಯರೂ ಹೀಗೇ ಮಾರಿಹೋದವರು. ಧಣಿಗಳು ಡೋಲು ಕಿತ್ತುಕೊಂಡರೆ ಮರದ ಪೆಟ್ಟಿಗೆ ಬಾರಿಸಿದರು, ಬಿಡಲಿಲ್ಲ. ಇದು ಕರಿಯರು ತಲೆ ಎತ್ತಿ ಬಾರಿಸುವ ವಾದ್ಯ. ನೀನು ಯಾಕೆ ಹೆಸರು ಮುಚ್ಚಿಟ್ಟು ಬಾರಿಸುತ್ತೀಯ?" ಎಂದು ಕೇಳಿದ.

ಅಕ್ಕ, ಆ ಮಾತು ನನ್ನ ತಲೆ ಕೆಡಿಸಿದೆ. ಬಾರಿಸುವಾಗ ಅವ್ವ ಡಮಾಮಿಗೆ ಕುಣಿಯುತ್ತಿದ್ದದ್ದು ಕಣ್ಣಿಗೆ ಕಟ್ಟುತ್ತದೆ, ಎದೆ ಉಬ್ಬುತ್ತದೆ. ಬೋರ್ಡು ಕಂಡರೆ ನಾಚಿಕೆ. ಬರುವ ಗುರುವಾರ ಮೈಕ್ ಹಿಡಿದು 'ನಾನು ಸಿದ್ದಿ' ಎಂದು ಹೇಳಿಬಿಡಬೇಕು ಅನ್ನಿಸುತ್ತದೆ. ಹೇಳಿದರೆ ಫ್ರೆಡ್ಡಿ "ಖಲಾಸ್, ನಾಳೆಯಿಂದ ಬರುವುದು ಬೇಡ" ಎನ್ನುತ್ತಾನೆ. ಅಷ್ಟೇ ಆದರೆ ಹೇಳಿಯೇ ಬಿಡುತ್ತಿದ್ದೆ.

ಊರಿಗೆ ಬಂದಿರುವ ನಮ್ಮ ಸಂಕಪ್ಪ ರಜೆ ಮುಗಿಸಿ ಇಲ್ಲಿಗೆ ಕೆಲಸಕ್ಕೆ ಬರುವಾಗ ಅಪ್ಪನ ಡಮಾಮ್ ಕೊಟ್ಟು ಕಳಿಸು. ದೇವರು, ಹಿರಿಯರು ನಿಮ್ಮನ್ನೆಲ್ಲ ಕಾಯಲಿ.

ನಿನ್ನ ತಮ್ಮ,
ಎಡ್ವರ್ಡ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ಇಸಾಬೆಲ್ಲಾ ಶಾಲೆಯ ಗೆಳತಿಯ ಮನೆಯವರ ಜೊತೆ ಅದೇ ಹೋಟೆಲಿಗೆ ಊಟಕ್ಕೆ ಬಂದಿದ್ದಳು. ನಡುವೆ ಬಿಡುವು ಸಿಕ್ಕಾಗ ನಗುತ್ತಾ ಅವರ ಮೇಜಿನ ಹತ್ತಿರ ಹೋದೆ. ಗೆಳತಿ ಅವಳನ್ನು, "ಈಸ್ ಹೀ ಯುವರ್ ಪಪ್ಪಾ?" ಎಂದು ಕೇಳಿದಳು. "ನೋ, ಹೀ ಈಸ್ ಫ್ರಮ್ ಕ್ಯೂಬಾ" ಎಂದಳು ನಮ್ಮ ಮಗಳು. ಜೇನ್‌ಗೆ ಇನ್ನೂ ಹೇಳಿಲ್ಲ. ಆಮೇಲೆ ನಾನು ಬಾರಿಸಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳೂ ಅವಳೇ. ಡಮಾಮ್ ಕಳಿಸುವುದೋ ಬೇಡವೋ, ನೀನೇ ಹೇಳು ಅಕ್ಕ.