ಹನ್ನೊಂದನೇ ತಪ್ಪು

ಅಕ್ಕಾ,

ವಿದ್ಯಾರ್ಥಿನಿಯ ಕೈಲಿ ನಾನೇ ಸಿಕ್ಕಿಬಿದ್ದ ಸುದ್ದಿಯನ್ನು ನಿನಗೆ ಬರೆಯೋದೇ ಬೇಡ ಅಂದುಕೊಂಡಿದ್ದೆ. ಕಾಮಾಕ್ಷಿಪಾಳ್ಯದ ಈ ಹೊಸ ನರ್ಸಿಂಗ್ ಕಾಲೇಜಿನಲ್ಲಿ ಆಟ ಆಡಿಸಿ ಪಾಠ ಮಾಡ್ತಿದೀನಿ. ಇವತ್ತು ಗೊಂಬೆ ರೋಗಿಯ ಮಂಚದ ಸುತ್ತ ಹತ್ತು ತಪ್ಪುಗಳನ್ನು ಬಚ್ಚಿಟ್ಟು, "ಹುಡುಕಿ, ಕನ್ನಡದಲ್ಲೇ ಹೇಳಿ" ಅಂದೆ. ಬೈಲಹೊಂಗಲದ ಗುರುದೇವಿ ಇಂಗ್ಲಿಷಿಗೆ ಹೆದರಿ ಕ್ಲಾಸಿನಲ್ಲಿ ಬಾಯೇ ಬಿಟ್ಟವಳಲ್ಲ. ಕಾಲೇಜು ಬಿಡ್ತೀನಿ ಅಂತ ಹೋದ ವಾರ ನನ್ನ ಕೈಗೆ ಅರ್ಜಿಯನ್ನೂ ಕೊಟ್ಟಿದ್ದಳು. ಹತ್ತನ್ನೂ ಅವಳೇ ಹಿಡಿದಳು! ಆಮೇಲೆ ಮೆಲ್ಲಗೆ, "ಹನ್ನೊಂದನೇದು ನಿಮ್ದ ಐತ್ರಿ ಮೇಡಂ. ಕೈ ತೊಳಕೊಳ್ಳದನ ಪೇಷಂಟ್ ಮುಟ್ಟೀರಿ" ಅಂದಳು.

"ಮೇಡಂ ಔಟ್ ಕಣ್ರೇ!" ಅಂತ ಹಿಂದಿನಿಂದ ಸ್ಪಂದನ ಕೂಗಿದಳು. ಎಲ್ಲರ ಜೊತೆ ನಾನೂ ಹೊಟ್ಟೆ ಹಿಡಿದು ನಕ್ಕೆ. ಇಷ್ಟು ದಿನ ಗುರುದೇವಿಗೆ ಅರ್ಥವಾಗದೆ ಇದ್ದದ್ದು ಪಾಠವೋ, ನನ್ನ ಇಂಗ್ಲಿಷೋ?

ಸಂಜೆ ಗುರುದೇವಿ ಸ್ಟಾಫ್ ರೂಮಿಗೆ ಬಂದು, "ಆ ಅರ್ಜಿ ವಾಪಸ್ ಕೊಡ್ರಿ" ಅಂದಳು. ಕೊಟ್ಟೆ. ನನ್ನೆದುರೇ ಹರಿದು, ಆಸ್ಪತ್ರೆಯಲ್ಲಾದರೆ ಈ ಕಸ ಯಾವ ಬಣ್ಣದ ಬುಟ್ಟಿಗೆ ಬೀಳಬೇಕು ಅಂತ ನನ್ನನ್ನೇ ಪರೀಕ್ಷೆ ಮಾಡಿದಳು.

ಮಂಡಿನೋವು ಕಡಿಮೆಯಾಗಿದೆ, ಎಣ್ಣೆ ಕಳಿಸಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ಶೈಲಜಾ

ಅಂಚೆ ಡಬ್ಬಿಗೆ ಹಾಕೋದು ನಾಳೆ, ಬುಧವಾರ, ಜುಲೈ ೯.