ತುಂಗಾಬಾಯಿಯ ಪುಟ

ಕೇದಾರ ಘಾಟ್, ಕಾಶಿ
18 ನವೆಂಬರ್ 2025, ಮಂಗಳವಾರ

ಚಿ. ಶ್ರೀವಿದ್ಯಾಳಿಗೆ ಅಮ್ಮನ ಆಶೀರ್ವಾದ.

ಆಶೀರ್ವಾದವನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಮುಂದೆ ಬರೆಯುವುದರಲ್ಲಿ ಅದಕ್ಕೆ ಜಾಗ ಸಿಗುವ ಹಾಗೆ ಕಾಣುವುದಿಲ್ಲ. ನನಗೆ ನಿನ್ನ ಮೇಲೆ ವಿಪರೀತ ಸಿಟ್ಟು ಬಂದಿದೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ಮಾತು ನಿನಗೆ ಬೇಡದ ಕಡೆ ತಿರುಗಿದ ಕೂಡಲೇ ನೀನು ಹಿಂದಿಗೆ ಜಿಗಿಯುತ್ತೀಯ, ಈ ಊರಿಗೆ ಬಂದು ಮೂವತ್ತೊಂದು ವರ್ಷವಾದರೂ ಹಿಂದಿಯಲ್ಲಿ ಜಗಳವಾಡಲು ನನಗೆ ಬಾಯಿ ಬರುವುದಿಲ್ಲ. ಹಾಲಿನವನ ಹತ್ತಿರವೂ ಸೋಲುತ್ತೇನೆ. ಕಾಗದದಲ್ಲಾದರೆ ನೀನು ಸುಮ್ಮನೆ ಕೂತು ಕೇಳಲೇಬೇಕು.

ನೀನು ದೆಹಲಿಯಿಂದ ಕಳಿಸಿದ ಅಧ್ಯಾಯವನ್ನು ನಿನ್ನ ಅಪ್ಪ ಸೋನಾರ್‌ಪುರದ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದರು. ಅವತ್ತು ಅವರಿಗೆ ಘಾಟಿನಲ್ಲಿ ದಾವಣಗೆರೆಯ ಒಂದು ದೊಡ್ಡ ಗುಂಪಿಗೆ ತರ್ಪಣ ಮಾಡಿಸುವುದಿತ್ತು. ಒದ್ದೆ ಪಂಚೆಯಲ್ಲೇ ಬಂದು ನಲವತ್ತೊಂದು ಪುಟಗಳನ್ನು ನನ್ನ ಕೈಗಿಟ್ಟು, ನೀನು ಓದು, ನನಗೆ ಊಟವಾದ ಮೇಲೆ ಹೇಳು ಎಂದರು. ಯಾತ್ರೆಗೆ ಬಂದ ಹೆಂಗಸರು ನಮ್ಮ ವಹಿಯಲ್ಲಿ, ತಲೆಮಾರುಗಳಿಂದ ಯಾತ್ರಿಕರ ಹೆಸರು ದಾಖಲಾಗುತ್ತ ಬಂದ ಪುಸ್ತಕದಲ್ಲಿ, ತಾವೇ ಬರೆದ ಸಾಲುಗಳ ಮೇಲೆ ನಮ್ಮ ಮಗಳು ಪಿಎಚ್‌.ಡಿ. ಮಾಡುತ್ತಾಳೆಂದರೆ ಯಾರಿಗೆ ಹಿಗ್ಗಾಗುವುದಿಲ್ಲ? ಓದುತ್ತ ಕೂತವಳಿಗೆ ಕುಕ್ಕರ್ ಕೂಗಿದ್ದು ಕೇಳಿಸದೆ ಬೇಳೆ ತಳ ಹಿಡಿಯಿತು. ಆ ಹಿಗ್ಗು ಹದಿನೇಳನೆಯ ಪುಟದವರೆಗೆ ಇತ್ತು.

ಹದಿನೇಳನೆಯ ಪುಟದಲ್ಲಿ ನೀನು ಬರೆದದ್ದನ್ನು ನಿನಗೇ ತೋರಿಸುತ್ತೇನೆ. ಈ ಮನೆತನದಲ್ಲಿ ಸೊಸೆಯಂದಿರು ವಹಿಯನ್ನು ಮುಟ್ಟುವಂತಿರಲಿಲ್ಲ, ಮನೆಯ ಹಿರಿಯರಾದ ನಾಗಮಣಿಯವರು 1987ರಲ್ಲಿ ಕೊಟ್ಟ ಸಂದರ್ಶನದಲ್ಲಿ ‘ಹೊರಗಿನಿಂದ ಬಂದವಳ ಕೈ ತಾಗಿದರೆ ವಹಿ ಮೈಲಿಗೆಯಾಗುತ್ತದೆ’ ಎಂದಿದ್ದಾರೆ. ಕೆಳಗೆ ಚಿಕ್ಕ ಅಕ್ಷರದಲ್ಲಿ ಆಧಾರ: ಡಾ. ರೋಹಿತ ದೀಕ್ಷಿತ ಎನ್ನುವವರ ಲೇಖನ, ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ, ಪುಟ 214.

ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ನಿನ್ನ ಅಜ್ಜಿ ಹೀಗೆ ಹೇಳಿದರೇ? ಅವರೇನು ಈ ಮನೆಯಲ್ಲಿ ಹುಟ್ಟಿದವರೇ? ಅವರೂ ನನ್ನ ಹಾಗೆ ಸೊಸೆಯಾಗಿ ಬಂದವರೇ ತಾನೆ? ಮಾವನವರ ಕಣ್ಣು ಮಂಜಾದ ಮೇಲೆ ವಹಿ ಪೆಟ್ಟಿಗೆಯ ಬೀಗದ ಕೈ ಅವರ ಸೆರಗಿನ ತುದಿಯಲ್ಲೇ ಇತ್ತು. ಯಾವ ಊರಿನವರು ಯಾವ ವಹಿಯಲ್ಲಿ ಎಷ್ಟನೆಯ ಪುಟದಲ್ಲಿದ್ದಾರೆ ಎನ್ನುವ ಸೂಚಿ ಇದೆಯಲ್ಲ, ನೀನು ನಿನ್ನ ಪ್ರಬಂಧದಲ್ಲಿ ಹೊಗಳಿದ್ದೀಯಲ್ಲ, ಅದನ್ನು ಬರೆದವರು ಯಾರು ಅಂದುಕೊಂಡೆ? ನಾನು ಮದುವೆಯಾಗಿ ಬಂದ ಮೂರನೆಯ ದಿನ ನನ್ನನ್ನು ಪೆಟ್ಟಿಗೆಯ ಮುಂದೆ ಕೂರಿಸಿ ಒಂದೊಂದೇ ವಹಿ ಬಿಚ್ಚಿ ತೋರಿಸಿದವರು ಅವರು.

ಅವತ್ತು ಅವರು ಹೇಳಿಕೊಟ್ಟದ್ದು ಒಂದೇ ಒಂದು ಕಟ್ಟಳೆ. ಯಾತ್ರೆಗೆ ಬಂದವರು ತಮ್ಮ ಪುಟವನ್ನು ತಾವೇ ಬರೆಯಬೇಕು. ಅಕ್ಷರ ಬಾರದಿದ್ದರೆ ಜೊತೆಗೆ ಬಂದವರು ಬರೆಯಬೇಕು, ಬರೆದು ಕೊನೆಗೆ ‘ಬರೆದವರು’ ಎಂದು ತಮ್ಮ ಹೆಸರು ಹಾಕಬೇಕು. ನಾವು ಒಂದಕ್ಷರವನ್ನೂ ಬರೆಯುವ ಹಾಗಿಲ್ಲ. “ಪೆಟ್ಟಿಗೆ ಕಾಯೋದು ನಮ್ಮ ಕೆಲಸ ಕಣೇ ಅಂಬುಜಾ, ಮಾತು ಅವರದು” ಎಂದಿದ್ದರು. ಹಾಗಿರುವುದರಿಂದಲೇ ಎಲ್ಲಿಯದೋ ಊರಿನ ಮೊಮ್ಮಗ ಬಂಗಾಲಿ ಟೋಲಾದ ಗಲ್ಲಿಗಳಲ್ಲಿ ದಾರಿ ಕೇಳಿಕೊಂಡು ನಮ್ಮ ಮನೆಗೆ ಬರುತ್ತಾನೆ, ತಾತನ ಅಕ್ಷರದ ಮೇಲೆ ಬೆರಳಾಡಿಸಿ ಕಣ್ಣು ಒರೆಸಿಕೊಳ್ಳುತ್ತಾನೆ. ತಾತನೇ ಇಲ್ಲಿ ಕೂತು ಬರೆದದ್ದು ಎನ್ನುವ ನಂಬಿಕೆ ಅದು. ಆ ನಂಬಿಕೆ ಬಿಟ್ಟರೆ ನಮ್ಮ ಪೆಟ್ಟಿಗೆಯಲ್ಲಿರುವುದು ಹಳೇ ರದ್ದಿ.

ಮಾರನೆಯ ದಿನ ಆಟೋ ಹಿಡಿದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಕೆಲಸ ಮಾಡುವ ಮೈಸೂರಿನ ಪ್ರೇಮಾ ನಿನಗೆ ಗೊತ್ತು, ನವರಾತ್ರಿಗೆ ನಮ್ಮಲ್ಲಿಗೆ ಬರುತ್ತಾಳೆ. ನಿನ್ನ ಅಡಿಟಿಪ್ಪಣಿಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಟ್ಟೆ. ಪಾಪ, ಎರಡು ಗಂಟೆ ಹುಡುಕಿದಳು. ಪತ್ರಿಕೆ ಇದೆ, ಆ ಸಂಚಿಕೆಯೂ ಇದೆ. ಆದರೆ ಸಂಚಿಕೆ ನೂರ ಅರವತ್ತನೆಯ ಪುಟಕ್ಕೇ ಮುಗಿಯುತ್ತದೆ. ರೋಹಿತ ದೀಕ್ಷಿತ ಎನ್ನುವವರು ಅದರಲ್ಲಿ ಮಾತ್ರವಲ್ಲ, ಹಿಂದಿನ ಮುಂದಿನ ಹತ್ತು ವರ್ಷದ ಸಂಚಿಕೆಗಳಲ್ಲೂ ಇಲ್ಲ. ಪ್ರೇಮಾ ನನ್ನ ಮುಖ ನೋಡಿ, “ಆಂಟಿ, ಇದು ಕಂಪ್ಯೂಟರ್ ಬರೆದುಕೊಟ್ಟಿದ್ದು. ಹುಟ್ಟದೇ ಇರೋ ಪುಸ್ತಕ ಕೇಳ್ಕೊಂಡು ವಾರಕ್ಕೆ ಇಬ್ಬರು ಮೂವರು ಬರ್ತಾರೆ. ಯಾರದು ಇದು?” ಎಂದಳು. ಪರಿಚಯದವರ ಹುಡುಗಿಯದು ಎಂದೆ. ನನ್ನ ಮಗಳದು ಎನ್ನಲು ನಾಲಿಗೆ ಏಳಲಿಲ್ಲ.

ಮನೆಗೆ ಬಂದು ನಿನಗೆ ಫೋನ್ ಮಾಡಿದಾಗ ನೀನಾದರೂ ಸ್ವಲ್ಪ ಗಾಬರಿಯಾಗಬಹುದು ಅಂದುಕೊಂಡಿದ್ದೆ. ನೀನು ಹೇಳಿದ್ದೇನು? ಅಜ್ಜಿ ಅಮ್ಮನಿಗೆ ಯಾಕೆ ವಹಿ ಮುಟ್ಟಲು ಬಿಡುತ್ತಿರಲಿಲ್ಲ, ಅದಕ್ಕೆ ಆಧಾರವೇನಾದರೂ ಇದೆಯೇ ಎಂದು ಅಜ್ಜಿಯ ಹೆಸರು, ಘಾಟಿನ ಹೆಸರು, ಅವರ ಮಡಿಯ ವಿಷಯ ಎಲ್ಲ ಹಾಕಿ ಕಂಪ್ಯೂಟರನ್ನು ಕೇಳಿದೆಯಂತೆ. ಅದು ಕೊಟ್ಟಿತಂತೆ. ಕೊಡದೆ ಏನು ಮಾಡುತ್ತದೆ? ನೀನು ಹಾಕಿದ್ದನ್ನೇ ನಿನ್ನ ತಟ್ಟೆಗೆ ಬಡಿಸಿ, ಮೇಲೆ ಒಬ್ಬ ಡಾಕ್ಟರ ಹೆಸರನ್ನೂ ಪುಟದ ನಂಬರನ್ನೂ ಒಗ್ಗರಣೆ ಹಾಕಿದೆ. ಒಮ್ಮೆ, ಒಂದೇ ಒಂದು ಸಲ, ಆ ಸಂಚಿಕೆಯನ್ನು ತೆಗೆದು ನೋಡಬೇಕು ಎಂದು ನಿನಗೆ ಅನ್ನಿಸಲಿಲ್ಲವೇ? “ಸಬ್ ಕರ್ತೇ ಹೈಂ ಮಮ್ಮಿ” ಎಂದೆ. ಎಲ್ಲರೂ ಮಾಡುತ್ತಾರೆ ಎನ್ನುವುದು ಯಾವಾಗಿನಿಂದ ನಮ್ಮ ಮನೆಯ ಲೆಕ್ಕವಾಯಿತು?

ನಾನು ಕಂಪ್ಯೂಟರನ್ನು ಕಂಡರೆ ಆಗದ ಮುದುಕಿಯಲ್ಲ. ತೆಲುಗಿನವರಿಗೆ ಲಾಡ್ಜಿನ ದಾರಿ ಹೇಳಲು ನಿನ್ನ ಅಪ್ಪ ಅದನ್ನೇ ಬಳಸುತ್ತಾರೆ. ಅದು ತಪ್ಪು ಹೇಳಿದರೆ ಯಾತ್ರಿಕರು ಗಲ್ಲಿಯಲ್ಲಿ ಎರಡು ಸುತ್ತು ಹೆಚ್ಚು ಹಾಕುತ್ತಾರೆ, ಬೈದುಕೊಂಡು ಬರುತ್ತಾರೆ, ಅಲ್ಲಿಗೆ ಮುಗಿಯಿತು. ಸತ್ತ ಹೆಂಗಸಿನ ಬಾಯಿಗೆ ಮಾತು ತುರುಕಿದರೆ ಬಂದು ಬೈಯುವವರು ಯಾರು? ಆ ಕಂಪ್ಯೂಟರು ಹೇಳಿದ್ದನ್ನು ನಾಲ್ಕು ಜನ ನಂಬದೇ ಇರಬಹುದು. ನಿನ್ನ ಪ್ರಬಂಧವನ್ನು ನಂಬುತ್ತಾರೆ. ನಾಗಮಣಿಯವರ ಸ್ವಂತ ಮೊಮ್ಮಗಳೇ ಬರೆದಿದ್ದಾಳೆ, ಇನ್ನೇನು ಬೇಕು ಎನ್ನುತ್ತಾರೆ. ನಾಳೆ ಅದೇ ಕಂಪ್ಯೂಟರು ನಿನ್ನ ಪ್ರಬಂಧವನ್ನು ಓದಿ, ಶ್ರೀವಿದ್ಯಾ ಹೀಗೆ ಹೇಳಿದ್ದಾರೆ ಎಂದು ಇನ್ನೊಬ್ಬಳಿಗೆ ಆಧಾರ ಕೊಡುತ್ತದೆ. ಹೇಳದ ಮಾತಿಗೆ ಸಾಕ್ಷಿಯಾಗಿ ನಿಂತವಳು ನೀನು. ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಇಷ್ಟರ ಮೇಲೆ ಇನ್ನೊಂದು ಮಾತು ಆಡಿದೆ. “ಅಮ್ಮಾ, ನಿಮ್ಮ ವಹಿಯಲ್ಲಿರೋದೆಲ್ಲ ನಿಜ ಅಂತ ಯಾರು ಚೆಕ್ ಮಾಡಿದಾರೆ?” ಎಂದು ಕೇಳಿದೆ. ನಾನು ಫೋನ್ ಇಟ್ಟುಬಿಟ್ಟೆ. ಸಿಟ್ಟಿನಿಂದ ಇಟ್ಟಳು ಎಂದು ನೀನು ತಿಳಿದಿರಬೇಕು. ಅದಾಗಿ ಮೂರು ದಿನದಿಂದ ನನಗೆ ಅನ್ನ ರುಚಿಸುತ್ತಿಲ್ಲ. ಅದಕ್ಕೆ ಉತ್ತರ ಆಮೇಲೆ ಕೊಡುತ್ತೇನೆ.

ತುಂಗಾಬಾಯಿಯ ಪುಟದ ಮೇಲೆ ಒಂಬತ್ತು ಪುಟ ಬರೆದಿದ್ದೀಯ. ‘ಸೂರಗೊಪ್ಪದ ತುಂಗಾಬಾಯಿ. 1931ರ ಮಾಘದಲ್ಲಿ ಬಂದೆನು. ಹಸುಗೂಸು ಕಾತ್ಯಾಯನಿಯನ್ನು ಊರಿನಲ್ಲಿ ಬಿಟ್ಟು ಬಂದಿದ್ದೇನೆ. ಗಂಗೆಯಲ್ಲಿ ಮುಳುಗುವಾಗ ದೇವರ ಹೆಸರು ಬರಲಿಲ್ಲ, ಅವಳ ಹೆಸರೇ ಬಂತು. ಬರೆದವರು: ತುಂಗಾಬಾಯಿ, ಸ್ವಹಸ್ತ.’ ನಮ್ಮ ವಹಿಗಳಲ್ಲಿ ಸಿಕ್ಕಿದ ಅತ್ಯಂತ ಹಳೆಯ ಹೆಣ್ಣಿನ ಅಕ್ಷರ ಇದು, ಪ್ರವಾಹದಲ್ಲಿ ಹಿಂದುಮುಂದಿನ ಹಾಳೆಗಳೆಲ್ಲ ಮುದ್ದೆಯಾದರೂ ಇದೊಂದು ಉಳಿದದ್ದು ನಮ್ಮ ಅದೃಷ್ಟ ಎಂದು ಬರೆದಿದ್ದೀಯ. ನಿನ್ನ ಗೈಡಿಗೂ ಈ ಭಾಗವೇ ಮೆಚ್ಚಿಗೆಯಾಯಿತೆಂದು ಹೇಳಿದ್ದೆ. ಚೆನ್ನಾಗಿಯೇ ಬರೆದಿದ್ದೀಯ. ಈಗ ಅದರ ಮಾತು ಬೇಡ, ಮೊದಲು ಹದಿನೇಳನೆಯ ಪುಟದ ವಿಚಾರ ಮುಗಿಯಲಿ.

ಆ ಸಾಲನ್ನೂ ಅದರ ಆಧಾರವನ್ನೂ ಕಿತ್ತುಹಾಕು. ಯಾರಿಗೂ ಗೊತ್ತಾಗದ ಹಾಗೆ ಅಳಿಸಿಬಿಟ್ಟರೆ ಸಾಲದು, ಎಲ್ಲಿಂದ ತೆಗೆದುಕೊಂಡಿದ್ದೆ ಎಂದು ನಿನ್ನ ಗೈಡಿನ ಎದುರು ಕೂತು ನೀನೇ ಹೇಳಬೇಕು. ಡಿಸೆಂಬರ್ ಒಂದಕ್ಕೆ ಪ್ರಬಂಧ ಒಪ್ಪಿಸುವುದಿದೆ, ಅದು ತಪ್ಪಿದರೆ ಆರು ತಿಂಗಳು ಹೋಯಿತು ಎನ್ನುತ್ತೀಯ. ಹೋಗಲಿ. ಅಜ್ಜಿಯ ಮರ್ಯಾದೆ ನಿನ್ನ ಆರು ತಿಂಗಳಿಗಿಂತ ಅಗ್ಗವಲ್ಲ. ಹೇಳುವುದು ಕಷ್ಟ, ನನಗೆ ಗೊತ್ತಿದೆ. ಒಂದು ದಿನ ಮುಂದೆ ಹಾಕಿದರೆ ಇಪ್ಪತ್ತು ವರ್ಷ ಮುಂದೆ ಹೋಗುತ್ತದೆ.

ನಿನ್ನ ಅಪ್ಪ ಚೆನ್ನಾಗಿದ್ದಾರೆ. ಅವರಿಗೆ ಇದ್ಯಾವುದೂ ಗೊತ್ತಿಲ್ಲ. ಅಧ್ಯಾಯ ಹೇಗಿದೆ ಎಂದು ದಿನಾ ಕೇಳುತ್ತಾರೆ, ಇನ್ನೂ ಓದುತ್ತಿದ್ದೇನೆ ಎನ್ನುತ್ತೇನೆ.

ಸಿಟ್ಟು ಇಳಿಯದ, ಆದರೂ ನಿನ್ನವಳೇ ಆದ,
ಅಮ್ಮ
(ಅಂಬುಜಾಕ್ಷಿ)

ತಾ.ಕ. ಇದು ಮರೆತುಹೋದ ಮಾತಲ್ಲ. ಮೇಲೆ ಬರೆಯಲು ಧೈರ್ಯ ಸಾಲದೆ ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ. ವಹಿಯನ್ನು ಯಾರು ಚೆಕ್ ಮಾಡಿದ್ದಾರೆ ಎಂದು ಕೇಳಿದೆಯಲ್ಲ. ನಿನ್ನ ಅಜ್ಜಿ ಮಾಡಿದ್ದರು.

2005ರಲ್ಲಿ, ನಿನಗೆ ಎಂಟು ವರ್ಷ, ಸೂರಗೊಪ್ಪದಿಂದ ಕಾತ್ಯಾಯನಿ ಎನ್ನುವ ಎಪ್ಪತ್ತೈದು ವರ್ಷದ ಹೆಂಗಸು ಬಂದರು. ಅವರಿಗೆ ಮೂರು ವರ್ಷವಾಗಿದ್ದಾಗ ತಾಯಿ ತೀರಿಹೋಗಿದ್ದರಂತೆ. ಒಂದು ಫೋಟೋ ಕೂಡ ಇರಲಿಲ್ಲ. ತಾಯಿ ಕಾಶಿಗೆ ಹೋಗಿ ಬಂದಿದ್ದರು ಎಂದಷ್ಟೇ ಗೊತ್ತು, ಅವರ ಅಕ್ಷರವನ್ನಾದರೂ ನೋಡಿ ಸಾಯಬೇಕು ಎಂದರು. ಅತ್ತೆ ಬೀಗದ ಕೈಯನ್ನು ನನಗೆ ಕೊಟ್ಟು ಎರಡು ದಿನದ ಮಟ್ಟಿಗೆ ಪ್ರಯಾಗಕ್ಕೆ ಹೋಗಿದ್ದರು. ಸೂಚಿಯಲ್ಲಿ ತುಂಗಾಬಾಯಿ, 1931 ಎಂದು ಇತ್ತು. ಗಂಗೆ ಕೆಳಗಿನ ಕೋಣೆಗೆ ನುಗ್ಗಿದ ವರ್ಷ ಆ ಪುಟ ನೆನೆದು ಮುದ್ದೆಯಾಗಿಹೋಗಿತ್ತು. ಇಲ್ಲ ಎನ್ನಲು ನನ್ನ ಕೈಲಾಗಲಿಲ್ಲ. ನಾಳೆ ಬನ್ನಿ, ಹುಡುಕಿಡುತ್ತೇನೆ ಎಂದೆ. ಅದೇ ವಹಿಯ ಕೊನೆಯ ಖಾಲಿ ಹಾಳೆ ಬಿಡಿಸಿ, ಹಳೇ ಮಸಿಯನ್ನು ನೀರು ಮಾಡಿ, ಮಗಳು ಏನನ್ನು ಕೇಳಲು ಬಂದಿದ್ದಾಳೋ ಅದನ್ನೇ ತಾಯಿಯ ಬಾಯಲ್ಲಿ ಬರೆದು, ಆ ಜಾಗದಲ್ಲಿ ಸೇರಿಸಿ ಹೊಲಿದೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ಅತ್ತರು. ನಾನೂ ಅತ್ತೆ. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡಿದ್ದೆ.

ಅತ್ತೆ ಬಂದ ನಾಲ್ಕನೆಯ ದಿನ ಅವರ ಕಣ್ಣಿಗೆ ಬಿತ್ತು. ಬೈಯಲಿಲ್ಲ. “ಆಕೆ ಬಂದಿದ್ದು ನಿಜ. ಈ ಮಾತು ಆಡಿದ್ದನ್ನ ಕೇಳಿದವರು ಯಾರು?” ಎಂದರು, ಅಷ್ಟೇ. ಹಾಳೆ ಕೀಳುತ್ತೇನೆ ಎಂದರೆ ಬಿಡಲಿಲ್ಲ. ವಹಿಯಿಂದ ಹಾಳೆ ಕೀಳುವ ಪದ್ಧತಿಯಿಲ್ಲ, ಇದು ನನ್ನ ಅಕ್ಷರ ಎಂದು ಅದರ ಕೆಳಗೆ ನೀನು ಬರೆದ ದಿನ ಬೀಗದ ಕೈ ತಗೋ ಎಂದರು. ನಾಚಿಕೆಗೆ ನಾನು ಬರೆಯಲಿಲ್ಲ. ಆರು ವರ್ಷ, ಅವರು ಕಣ್ಣು ಮುಚ್ಚುವವರೆಗೆ, ನಾನು ಪೆಟ್ಟಿಗೆ ಮುಟ್ಟಲಿಲ್ಲ. ಅವರು ಯಾರಿಗೂ, ನಿನ್ನ ಅಪ್ಪನಿಗೂ, ಕಾರಣ ಹೇಳಲಿಲ್ಲ. ಅವರು ಹೋದ ಮೇಲೆ ಬರೆಯದೆಯೇ ಬೀಗದ ಕೈ ತೆಗೆದುಕೊಂಡೆ. ಹೋದ ಬೇಸಿಗೆಯಲ್ಲಿ ನೀನು ಆ ಪುಟದ ಫೋಟೋ ತೆಗೆಯುವಾಗ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತವಳೂ ನಾನೇ.

ಅಜ್ಜಿ ನಿನಗೆ ಯಾಕೆ ವಹಿ ಕೊಡಲ್ಲ ಅಮ್ಮಾ ಎಂದು ಚಿಕ್ಕವಳಿದ್ದಾಗ ನೀನು ಕೇಳುತ್ತಿದ್ದೆ. ಅಜ್ಜಿಗೆ ಮಡಿ ಜಾಸ್ತಿ ಕಣೇ, ಹೊರಗಿನಿಂದ ಬಂದ ಸೊಸೆ ಮುಟ್ಟಬಾರದಂತೆ ಎಂದು ನಾನು ಹೇಳುತ್ತಿದ್ದೆ. ನೀನು ಅದನ್ನೇ ಕಂಪ್ಯೂಟರಿಗೆ ಹಾಕಿದೆ. ಅಜ್ಜಿಯ ಬಾಯಿಗೆ ಆ ಮಾತು ತುರುಕಿದವಳು ಮೊದಲು ನಾನು, ಕಂಪ್ಯೂಟರು ಆಮೇಲೆ.

ಇವತ್ತು ಬೆಳಿಗ್ಗೆ ಪೆಟ್ಟಿಗೆ ತೆರೆದು ಆ ಪುಟದ ಕೆಳಗೆ ಬರೆದಿದ್ದೇನೆ. ಅದರ ಫೋಟೋ ಈ ಕಾಗದದ ಜೊತೆಗಿದೆ. ನಿನ್ನ ಒಂಬತ್ತು ಪುಟ ಇದರಿಂದ ಹೋಗುತ್ತದೆ, ಡಿಸೆಂಬರ್ ಒಂದೂ ಹೋಗಬಹುದು. ನಿನ್ನ ಅಪ್ಪನಿಗೆ ಇವತ್ತು ಊಟವಾದ ಮೇಲೆ ಹೇಳುತ್ತೇನೆ. ನೀನು ಫೋನ್ ಮಾಡಿ ಹಿಂದಿಯಲ್ಲೇ ಬೈ, ಇಡದೆ ಕೇಳುತ್ತೇನೆ. ಫೋಟೋದಲ್ಲಿ ಅಕ್ಷರ ಸರಿಯಾಗಿ ಕಾಣದಿದ್ದರೆ ಎಂದು ಇಲ್ಲೂ ಬರೆಯುತ್ತೇನೆ:

‘ಮೇಲಿನದು ತುಂಗಾಬಾಯಿಯ ಮಾತಲ್ಲ. 2005ರಲ್ಲಿ ಇದೇ ಮನೆಯಲ್ಲಿ ಕೂತು ನಾನು ಬರೆದದ್ದು. ಬರೆದವರು: ಅಂಬುಜಾಕ್ಷಿ, ನಾಗಮಣಿಯವರ ಸೊಸೆ, ಸ್ವಹಸ್ತ.’