ಅಳಿಸಿದ ಚೀಟಿಗಳ ಮೂವತ್ತು ದಿನ

ಮನೆಯಿಂದ, ಅಡುಗೆಮನೆಯ ಮೇಜು
ಇಪ್ಪತ್ತೊಂದನೆಯ ತಾರೀಕು, ಗುರುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸುರಂಗದ ಧೂಳಿಗೆ ಶುರುವಾಗಿದ್ದ ಕೆಮ್ಮು ಇಳಿಯಿತೇ? ಮೂಗಿಗೆ ಕಟ್ಟಬೇಕಾದದ್ದನ್ನು ಕುತ್ತಿಗೆಗೆ ಕಟ್ಟಿಕೊಂಡು ಫೋಟೋ ಕಳಿಸಿದ್ದೀಯ, ನೋಡಿದೆ. ನಿನ್ನ ಹೆಂಡತಿ ಎಂದಿನಂತೆ ಕಾರ್ಖಾನೆಯ ಪಾಳಿಗೆ ಹೋಗಿಬರುತ್ತಿದ್ದಾಳೆ. ನಿನ್ನ ಮಗಳ ಮುಂದಿನ ಎರಡು ಹಲ್ಲು ಬಿದ್ದಿವೆ. ಈಗ ಅವಳು ಗುಟ್ಟು ಹೇಳಿದರೆ ಅರ್ಧ ಮಾತು, ಅರ್ಧ ಗಾಳಿ.

ಇನ್ನು ನನ್ನ ಆನ್‌ಲೈನ್ ಕಾರ್ಯಾಗಾರದ ವಿಷಯ. ಅದಕ್ಕೆ ನಾನು ತೆತ್ತದ್ದನ್ನು ಕೂಡಿಸಿ ನೋಡಿದೆ: ಹದಿನೇಳು ದಿನದ ನಿದ್ದೆ, ಮೂರು ಕಿಲೋ ತೂಕ, ಜೊತೆಗೆ ಇಷ್ಟು ವರ್ಷ ಬಾಯಿಂದಲೇ ಸಂಪಾದಿಸಿದ ಧೈರ್ಯವೆಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಸೈಟ್ ಆಫೀಸಿನಲ್ಲಿ ಸರದಿಗೆ ನಿಂತ ಹತ್ತು ಜನವೂ ನನ್ನ ಮಾತಿಗೆ ತಲೆಯಾಡಿಸುತ್ತಾರೆ. ಅದಕ್ಕೇ ಕಾಗದ.

ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಹಾಲಿನಲ್ಲಿ ನಾನು ಸುರಕ್ಷತೆಯ ಪಾಠ ನಡೆಸುತ್ತಿದ್ದ ರೀತಿ ನಿನಗೆ ಗೊತ್ತು. ಕೊನೆಯ ಅರ್ಧ ಗಂಟೆ ಎಲ್ಲರ ಕೈಗೂ ಹಳದಿ ಚೀಟಿ. ಈ ತಿಂಗಳು ಕಂಡ ಅಪಾಯ ಬರೆಯಿರಿ, ಹೆಸರು ಬೇಡ. ಆಮೇಲೆ ನಾನು ವರಾಂಡದಲ್ಲಿ ಕೂತು ಒಂದೊಂದನ್ನೂ ನನ್ನ ಅಕ್ಷರದಲ್ಲಿ ನಕಲು ಮಾಡಿ, ಮೂಲ ಚೀಟಿಗಳನ್ನು ಬಕೆಟ್ ನೀರಿನಲ್ಲಿ ಕಲಸಿ ಮುದ್ದೆ ಮಾಡಿ, ನಕಲನ್ನು ಮಾತ್ರ ಗೋಡೆಗೆ ಅಂಟಿಸುತ್ತಿದ್ದೆ. ಅಕ್ಷರದ ಬಾಲ ನೋಡಿ ಆಳನ್ನು ಹಿಡಿಯುವ ಸೂಪರ್‌ವೈಸರ್‌ಗಳಿದ್ದಾರೆ. ಹದಿನಾರು ವರ್ಷದಲ್ಲಿ ಒಬ್ಬರೂ ಸಿಕ್ಕಿಬಿದ್ದಿಲ್ಲ.

ಹಾಲ್ ಗೋದಾಮಾಯಿತು. “ಇನ್ಮೇಲೆ ಎಲ್ಲಾ ಮೊಬೈಲಲ್ಲೇ ಮೇಡಂ” ಅಂದರು. ನೀನು ರಜೆಗೆ ಬಂದಾಗ ನಿನ್ನ ಹೆಸರಿನಲ್ಲೇ ಖಾತೆ ತೆರೆದು, ಪರದೆಯ ಮೇಲೊಂದು ಬಿಳಿ ಗೋಡೆ ಮಾಡಿಕೊಟ್ಟು, “ಯಾರ ಹೆಸರೂ ಕಾಣಲ್ಲ ಕಣಕ್ಕಾ, ಬಟನ್ ಒತ್ತು, ಮುಗೀತು” ಅಂದೆ. ನಾನೂ ನಲವತ್ತೊಂದು ಜನಕ್ಕೆ ಅದನ್ನೇ ಹೇಳಿದೆ. ಅವರು ನಂಬಿದ್ದು ಬಟನ್ನನ್ನಲ್ಲ, ನನ್ನ ಬಾಯನ್ನು.

ನಾಲ್ಕನೇ ತಾರೀಕು ಚೀಟಿಗಳು ಪಟಪಟನೆ ಬಂದು ಬಿದ್ದವು. ಹಾಲಿನಲ್ಲಿ ಹನ್ನೆರಡು ಬಂದರೆ ಹೆಚ್ಚು. ಇಲ್ಲಿ ತಲೆಗೊಂದರಂತೆ ನಲವತ್ತೊಂದು! ಹಿಗ್ಗಿದೆ, ಸುಳ್ಳೇಕೆ ಹೇಳಲಿ. ನಾನು ತೋರಿಸುವ ತನಕ ಬೇರೆಯವರಿಗೆ ಅವು ಕಾಣುವುದಿಲ್ಲವಲ್ಲ. ಟೀ ಹೊತ್ತಿನಲ್ಲಿ ಹಳೆಯ ಅಭ್ಯಾಸದಂತೆ ಒಂದೊಂದನ್ನೂ ನಾನೇ ಟೈಪ್ ಮಾಡಿ, ಮೂಲವನ್ನು ಅಳಿಸುತ್ತ ಬಂದೆ. ಆಗ ಕಂಡಿತು. ಚೀಟಿಯ ಮೇಲೆ ಬೆರಳು ಒತ್ತಿ ಹಿಡಿದರೆ ಕೆಳಗೆ ಸಣ್ಣಗೆ ಬರೆದವರ ಹೆಸರು! ಟೀ ಆರಿದರೂ ಬಿಡದೆ ನಲವತ್ತೊಂದನ್ನೂ ಮುಗಿಸಿದೆ.

ಅದರಲ್ಲೊಂದು ಹೀಗಿತ್ತು: “ಮೂರನೇ ಕಟಿಂಗ್ ಮಷೀನಿನ ಗಾರ್ಡ್ ಬಿಚ್ಚಿಟ್ಟು ಎರಡು ತಿಂಗಳಾಯ್ತು. ಕೆಲಸ ಬೇಗ ಆಗ್ಲಿ ಅಂತ ಸೂಪರ್‌ವೈಸರೇ ಬಿಚ್ಚಿಸಿದ್ದು. ಬೆರಳು ಹೋದ್ಮೇಲೆ ಹಾಕಿಸ್ತೀರಾ?” ಅದನ್ನೂ ಗೋಡೆಗೆ ಹಾಕಿದೆ. ಮಾಲೀಕರು ಅವತ್ತು ಪರದೆಯ ಆಚೆ ಕೂತಿದ್ದರು. ಎರಡು ಗಂಟೆಯೊಳಗೆ ಗಾರ್ಡ್ ವಾಪಸು ಕೂತಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಸೂಪರ್‌ವೈಸರ್ ನಮ್ಮ ಮ್ಯಾನೇಜರನ ಭಾವಮೈದುನ. ಅವನು ನನ್ನನ್ನು ಕರೆಸಿ, ಚೀಟಿ ಬರೆದವರ ಪಟ್ಟಿ ಕೊಡಿ ಅಂದ. ಕೊಟ್ಟೆ, ನಲವತ್ತೊಂದಕ್ಕೂ ನನ್ನದೇ ಹೆಸರು. “ನೀವು ಮಷೀನ್ ಹತ್ರ ಯಾವಾಗ ಬಂದಿದ್ರಿ ಮೇಡಂ?” ಅಂದ ಮ್ಯಾನೇಜರ್. “ಬಾಯಿ ಇದ್ದವಳಿಗೆ ಕಣ್ಣೂ ಇರುತ್ತೆ ಸಾರ್” ಅಂದೆ. ಪಕ್ಕದಲ್ಲಿದ್ದ ಕಂಪ್ಯೂಟರಿನವನು ಬಿಸ್ಕತ್ತು ಕಡಿಯುತ್ತ, “ಅಳಿಸಿದ್ದು ಎಲ್ಲೂ ಹೋಗಲ್ಲ ಮೇಡಂ, ಮೂವತ್ತು ದಿನ ಒಳಗೇ ಇರುತ್ತೆ. ಖಾತೆ ಯಾರದೋ ಅವರು ಮನಸ್ಸು ಮಾಡಿದ್ರೆ ತೆಗೀಬಹುದು” ಅಂದ. ಹೋದ ವರ್ಷ ತಂತಿ ಸುಟ್ಟಿದೆ ಅಂತ ಎದುರಿಗೇ ಹೇಳಿದ ಲೋಡರನ್ನು ವಾರದೊಳಗೆ ಗೇಟಿನಾಚೆ ನಿಲ್ಲಿಸಿದ್ದರಲ್ಲ, ಗಾರ್ಡಿನ ಚೀಟಿ ಬರೆದ ಇವಳನ್ನು ಬಿಡುತ್ತಾರೆಯೇ? ಅವಳು ಬರೆದದ್ದು ನನ್ನ ಮಾತು ನಂಬಿ.

ಇವತ್ತಿಗೆ ಹದಿನೇಳು ದಿನ. ಫೋನ್ ಗುಂಯ್ ಎಂದರೆ ಅಕ್ಕಿ ಡಬ್ಬಿಯೊಳಗೆ ತುರುಕುತ್ತೇನೆ. ನಿನ್ನೆ ನಿನ್ನ ಮಗಳ ಹಾಲಿನ ಲೋಟಕ್ಕೆ ಉಪ್ಪು ಹಾಕಿದೆ. ಸಾವಿರ ಜನರ ಮುಂದೆ ಮಾತಾಡಿದವಳು ಮನೆಯ ಬೆಲ್ಲಿಗೆ ಹೆದರುತ್ತೇನೆ, ನಗಬೇಡ.

ಮಗಳು ನಿನಗೊಂದು ಮುತ್ತು ಕಳಿಸಿದ್ದಾಳೆ. ಹೊಟ್ಟೆ ತುಂಬ ಉಣ್ಣು, ಹೆಲ್ಮೆಟ್ ಬಿಚ್ಚಬೇಡ. ನನ್ನ ಆಯಸ್ಸಿನಲ್ಲಿ ಒಂದಿಷ್ಟು ಕಿತ್ತುಕೊಂಡಾದರೂ ನೀನು ಚೆನ್ನಾಗಿರಬೇಕು.

ನಿನ್ನ ಬಾಯಿಬಡುಕಿ
ಅಕ್ಕ

ತಾ.ಕ. ಅಂಚೆಪೆಟ್ಟಿಗೆ ತೆರೆಯುವ ಹೊತ್ತಾಯಿತು, ಇದೊಂದು ಓದಿ ಹರಿದುಬಿಡು. ನಿನಗೊಬ್ಬನಿಗೇ ಗೊತ್ತಿರುವ ಆ ಖಾತೆಯ ಪಾಸ್‌ವರ್ಡ್ ಕೇಳಿ ಕಾರ್ಖಾನೆಯಿಂದ ನಿನಗೆ ಫೋನ್ ಬರುತ್ತದೆ. “ನಿಮ್ಮ ಅಕ್ಕಾನೇ ಕೇಳಿದ್ದಾರೆ” ಅನ್ನುತ್ತಾರೆ. ನೀನೋ ದಾರಿ ಕೇಳಿದವರನ್ನು ಮನೆತನಕ ಬಿಟ್ಟುಬರುವವನು. ಈ ಒಂದು ಸಲ ಇಲ್ಲ ಅನ್ನು. ಮರೆತುಹೋಯಿತು ಅನ್ನು. ನೀನೇ ಅಳಿಸಲೂ ಹೋಗಬೇಡ, ಆ ಸೈಟ್ ಕಂಪ್ಯೂಟರಿಗೆ ಎಲ್ಲರೂ ಇಣುಕುತ್ತಾರೆ. ಇನ್ನು ಹದಿಮೂರು ದಿನ ಸುಮ್ಮನಿರು, ಸಾಕು. ಆ ಚೀಟಿ ಬರೆದವಳು ನಿನ್ನ ಹೆಂಡತಿ. ನನಗೆ ಗೊತ್ತೆಂದು ಅವಳಿಗೆ ಗೊತ್ತಿಲ್ಲ. ಪಕ್ಕದ ಕೋಣೆಯಲ್ಲಿ ಪಾಳಿಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾಳೆ. ಈವರೆಗೆ ಯಾರಿಗೆ ಏನು ಸಿಕ್ಕಿತೆಂದರೆ: ಮೂರನೇ ಮಷೀನಿಗೆ ಗಾರ್ಡ್. ಸೂಪರ್‌ವೈಸರಿಗೆ ಬೇರೆ ವಿಭಾಗ, ಕುರ್ಚಿ ಸಮೇತ. ನಿನ್ನ ಹೆಂಡತಿಗೆ ಹತ್ತು ಬೆರಳು. ಮ್ಯಾನೇಜರಿಗೆ ನನ್ನ ಹೆಸರು.